‘ರಿಸೆಂಬಲ್’ ಆದ ಮೇಲೆ ‘ಟು’ ಯಾಕೆ ಬರುವುದಿಲ್ಲ? ಫ್ರೆಂಚಿನಲ್ಲಿ ಇದೆಯಲ್ಲ!

ಮಲ್ಲೇಶ್ವರದ_ಅಮ್ಮ
ಮಗ ಒಂಬತ್ತನೇ ಕ್ಲಾಸು. ಎರಡನೇ ಭಾಷೆ ಫ್ರೆಂಚ್. (ಕನ್ನಡ ಯಾಕಿಲ್ಲ ಅಂತ ದಯವಿಟ್ಟು ಶುರು ಮಾಡಬೇಡಿ, ಮೂರನೇ ಭಾಷೆಯಾಗಿ ಇದೆ.) ಇಂಗ್ಲಿಷ್ ಟೆಸ್ಟಿನಲ್ಲಿ ‘ಶಿ ರಿಸೆಂಬಲ್ಸ್ ಟು ಹರ್ ಮದರ್’ ಅಂತ ಬರೆದ. ಟೀಚರ್ ‘ಟು’ಗೆ ಕೆಂಪು ಸುತ್ತು ಹಾಕಿ ಒಂದು ಮಾರ್ಕು ಕಳೆದರು. ತಪ್ಪು ಅಂತ ನನಗೂ ಗೊತ್ತು, ಅದರ ಬಗ್ಗೆ ಜಗಳ ಇಲ್ಲ.

ಅವನ ವಾದ ಬೇರೆ. ಫ್ರೆಂಚ್ ಕ್ಲಾಸಿನಲ್ಲಿ ‘ಎಲ್ ರೆಸಾಂಬ್ಲ್ ಆ ಸಾ ಮೇರ್’ ಅಂತ ಹೇಳಿಕೊಟ್ಟಿದ್ದಾರಂತೆ. ಆ ‘ಆ’ ಅಂದರೆ ‘ಟು’. ಅದನ್ನು ಬಿಟ್ಟರೆ ಅಲ್ಲಿ ಮಾರ್ಕು ಹೋಗುತ್ತದೆ, ಹಾಕಿದರೆ ಇಲ್ಲಿ ಹೋಗುತ್ತದೆ. ಇಂಗ್ಲಿಷಿನವರು ಪದವನ್ನು ಫ್ರೆಂಚಿನಿಂದಲೇ ತಂದದ್ದು ಅಲ್ವಾ? ‘ಟು’ ದಾರಿಯಲ್ಲಿ ಎಲ್ಲಿ ಬಿತ್ತು? ‘ಸಿಮಿಲರ್’ಗೆ ‘ಟು’ ಬೇಕು, ‘ಲೈಕ್’ಗೆ ಬೇಡ, ಇದೇನು ಆಟ? ಟೀಚರನ್ನು ಕೇಳಿದರೆ ‘ರೂಲ್, ಬಾಯಿಪಾಠ ಮಾಡು’ ಅಂದರಂತೆ.

ಗಡಿಬಿಡಿ_ಗಣಪ
ರೂಲ್ ಅಂದ್ರೆ ರೂಲ್. ಮುಂದಿನ ಪ್ರಶ್ನೆ?

ಕಾಫಿ_ಡಬರಿ
ಸಿಂಪಲ್. ‘ರಿಸೆಂಬಲ್’ ಸಕರ್ಮಕ ಕ್ರಿಯಾಪದ, ನೇರವಾಗಿ ಕರ್ಮ ತೆಗೆದುಕೊಳ್ಳುತ್ತದೆ. ‘ಡಿಸ್ಕಸ್ ಅಬೌಟ್’ ತಪ್ಪು, ‘ಆರ್ಡರ್ ಫಾರ್’ ತಪ್ಪು, ಇದೂ ಹಾಗೇ. ‘ಸಿಮಿಲರ್’ ವಿಶೇಷಣ, ಅದಕ್ಕೆ ‘ಟು’ ಊರುಗೋಲು ಬೇಕು. ನಮ್ಮ ಕಡೆ ಇಂಗ್ಲಿಷಿನಲ್ಲಿ ಬೇಡದ ಕಡೆ ‘ಟು’ ಸೇರಿಸುವುದು ಜಾಸ್ತಿ ಆಗಿದೆ.

ಮಲ್ಲೇಶ್ವರದ_ಅಮ್ಮ
ಸರ್, ನೀವು ಹೇಳಿದ್ದು ಏನು ಅಂತ. ಹುಡುಗ ಕೇಳುತ್ತಿರುವುದು ಯಾಕೆ ಅಂತ. ಟೀಚರ್ ಹೇಳಿದ್ದನ್ನೇ ವ್ಯಾಕರಣದ ಭಾಷೆಯಲ್ಲಿ ಹೇಳಿದಿರಿ ಅಷ್ಟೇ :)

ಹಳೇ_ಮೇಷ್ಟ್ರು
ಅಮ್ಮಾ, ನಿಮ್ಮ ಮಗ ಪ್ರಶ್ನೆಯನ್ನು ತಲೆಕೆಳಗಾಗಿ ಹಿಡಿದಿದ್ದಾನೆ, ಆದರೆ ಹಿಡಿದದ್ದು ಸರಿಯಾದ ಬಾಲವನ್ನೇ. ಇಂಗ್ಲಿಷಿನವರು ‘ಟು’ ಬೀಳಿಸಿಕೊಂಡಿಲ್ಲ. ಫ್ರೆಂಚರು ‘ಆ’ವನ್ನು ಆಮೇಲೆ ಕಡ್ಡಾಯ ಮಾಡಿಕೊಂಡರು.

ಈ ಪದ ಇಂಗ್ಲಿಷಿಗೆ ಬಂದದ್ದು 14ನೇ ಶತಮಾನದಲ್ಲಿ. ಆಗಿನ ಫ್ರೆಂಚಿನಲ್ಲಿ ‘ಇಲ್ ರೆಸಾಂಬ್ಲ್ ಸೋಂ ಪೇರ್’ ಎನ್ನುವ ಬಳಕೆ ಇತ್ತು, ‘ಆ’ ಇಲ್ಲದೆ. ‘ಅಪ್ಪನನ್ನು ಹೋಲುತ್ತಾನೆ’ ಅಂತ ನಾವು ಹೇಳುವುದಿಲ್ಲವೇ, ಹಾಗೆ ನೇರವಾಗಿ. 16ನೇ ಶತಮಾನದ ಫ್ರೆಂಚ್ ಬರಹಗಳಲ್ಲೂ ಇದು ಸಿಗುತ್ತದೆ. ಆಮೇಲೆ ‘ಆ’ ಇರುವ ರೂಪವೇ ಗೆದ್ದು, ಇನ್ನೊಂದು ತಪ್ಪು ಅನ್ನಿಸಿಕೊಂಡಿತು. ಇಂಗ್ಲಿಷ್ ಮಾತ್ರ ತಾನು ತಂದಾಗ ಇದ್ದ ಹಳೇ ಪದ್ಧತಿಯನ್ನು ಬಿಡದೆ ಇಟ್ಟುಕೊಂಡಿತು. ಮನೆ ಬಿಟ್ಟು ಹೋದವರು ಹಳೇ ಆಚಾರ ಬಿಡದೆ ಹಿಡಿದುಕೊಂಡಿರುತ್ತಾರೆ, ಮನೆಯಲ್ಲಿ ಇದ್ದವರು ಬದಲಾಗಿರುತ್ತಾರೆ, ನೋಡಿದ್ದೀರಲ್ಲ.

ಇಂಗ್ಲಿಷಿನಲ್ಲೂ ಸ್ವಲ್ಪ ಕಾಲ ‘ರಿಸೆಂಬಲ್ ಟು’ ಓಡಾಡಿಕೊಂಡಿತ್ತು. ಆಗ ಆ ಪದಕ್ಕೆ ‘ಹೋಲಿಸು’ ಎನ್ನುವ ಅರ್ಥವೂ ಇತ್ತು, ಒಂದನ್ನು ಇನ್ನೊಂದಕ್ಕೆ ‘ರಿಸೆಂಬಲ್’ ಮಾಡುವುದು. ಎರಡೂ ಸತ್ತುಹೋದವು. ನಿಮ್ಮ ಮಗ ಆಗ ಹುಟ್ಟಿದ್ದರೆ ಮಾರ್ಕು ಬರುತ್ತಿತ್ತು.

ಇನ್ನು ‘ಲೈಕ್’. ಅದು ಫ್ರೆಂಚ್ ಅಲ್ಲ, ಹಳೇ ಇಂಗ್ಲಿಷಿನ ಸ್ವಂತ ಪದ. ಹಳೇ ಇಂಗ್ಲಿಷಿನಲ್ಲಿ ವಿಭಕ್ತಿ ಇತ್ತು. ‘ಲೈಕ್’ ಜೊತೆ ಬರುವ ನಾಮಪದಕ್ಕೆ ಚತುರ್ಥಿ, ಅಂದರೆ ‘ಅವನಿಗೆ ಸಮಾನ’ ಎನ್ನುವಾಗಿನ ‘ಗೆ’. ಕಾಲ ಹೋದಂತೆ ವಿಭಕ್ತಿ ಪ್ರತ್ಯಯ ಸವೆದುಹೋಯಿತು, ಪದ ಬರಿಗೈಯಲ್ಲಿ ನಿಂತಿತು. ಅದಕ್ಕೇ ‘ಲೈಕ್ ಹಿಮ್’. ‘ಗೆ’ ಅಲ್ಲೇ ಒಳಗೆ ಅಡಗಿದೆ, ಕಾಣುವುದಿಲ್ಲ ಅಷ್ಟೇ. ಹಳೇ ಬೈಬಲ್ ಭಾಷೆಯಲ್ಲಿ ‘ಲೈಕ್ ಅಂಟು’ ಅಂತ ಓದಿದ್ದರೆ, ಅದು ಸವೆದದ್ದಕ್ಕೆ ಹಾಕಿದ ತೇಪೆ.

ಗಡಿಬಿಡಿ_ಗಣಪ
ಮೇಷ್ಟ್ರೇ, ರೂಲ್ ಅಂದ್ರೆ ರೂಲ್ ಅಂದದ್ದನ್ನು ವಾಪಸ್ ತಗೊಳ್ಳೋದಿಲ್ಲ. ಆದರೆ ಓದಿ ಖುಷಿ ಆಯ್ತು.

ಲಿಯೋನ್_ಕನ್ನಡಿಗ
ಫ್ರಾನ್ಸಿನ ಲಿಯೋನಿಗೆ ಬಂದು ಸೆಟ್ಲ್ ಆದವನು. ಮೇಷ್ಟ್ರು ಹೇಳಿದ್ದಕ್ಕೆ ಒಂದು ಉಪ್ಪಿನಕಾಯಿ. ಫ್ರೆಂಚಿನಲ್ಲಿ ಒಂದು ಗಾದೆ ಇದೆ: ‘ಕಿ ಸೆ ರೆಸಾಂಬ್ಲ್ ಸಸಾಂಬ್ಲ್’. ಒಂದೇ ಥರದವರು ಒಂದು ಕಡೆ ಸೇರುತ್ತಾರೆ ಅಂತ. ಆಫೀಸಿನಲ್ಲಿ ನಾವು ನಾಲ್ಕು ಜನ ಭಾರತದವರು ಊಟಕ್ಕೆ ಒಟ್ಟಿಗೆ ಕೂತರೆ ಯಾರಾದರೂ ಒಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಹೇಳಿದವರೂ ತಮ್ಮವರ ಜೊತೆಯೇ ಕೂತಿರುತ್ತಾರೆ, ಅದು ಬೇರೆ ಮಾತು.

ಗಾದೆಯಲ್ಲಿ ‘ರಿಸೆಂಬಲ್’ ಮತ್ತು ‘ಅಸೆಂಬಲ್’ ಅಕ್ಕಪಕ್ಕ ಇವೆ ನೋಡಿ. ಬರೀ ಪ್ರಾಸಕ್ಕಲ್ಲ, ನಿಜವಾಗಿಯೂ ಒಂದೇ ಮನೆತನ.

ಧಾರವಾಡ_ಫೇಡೆ
ಅಂದರ ಅಸೆಂಬ್ಲಿ ಅನ್ನೋದೂ ರಿಸೆಂಬಲ್ ಅನ್ನೋದೂ ಒಂದೇ ಏನ್ರೀ? ಅದಕ್ಕ ಬೆಳಗಾವಿ ಅಧಿವೇಶನದಾಗ ಯಾವ ಪಕ್ಷ ನೋಡಿದ್ರೂ ಒಂದೇ ಥರ ಕಾಣ್ತದ.

ಹಳೇ_ಮೇಷ್ಟ್ರು
ಫೇಡೆಯವರೇ, ನಗೆಚಾಟಿಕೆ ಸರಿ, ಪದಸಂಬಂಧವೂ ಸರಿ. ಲ್ಯಾಟಿನಿನಲ್ಲಿ ‘ಸಿಮಿಲಿಸ್’ ಅಂದರೆ ಹೋಲುವ, ‘ಸಿಮುಲ್’ ಅಂದರೆ ಒಟ್ಟಿಗೆ. ಎರಡೂ ‘ಒಂದು’ ಎನ್ನುವ ಬೇರಿನಿಂದ ಬಂದವು. ಒಂದೇ ರೂಪ ಇದ್ದರೆ ರಿಸೆಂಬಲ್, ಒಂದೇ ಕಡೆ ಇದ್ದರೆ ಅಸೆಂಬಲ್. ‘ಆನ್ಸಾಂಬ್ಲ್’ ಅಂತ ಸಂಗೀತದವರು ಹೇಳುತ್ತಾರಲ್ಲ, ಅದೂ ಇದೇ. ಕಾಫಿ ಡಬರಿಯವರು ‘ಸಿಂಪಲ್’ ಅಂದರು, ಅದೂ ಇದೇ ಮನೆಯದು, ‘ಒಂದೇ ಸಲ ಮಡಚಿದ್ದು’ ಅಂತ ಮೂಲಾರ್ಥ. ‘ಸಿಂಗಲ್’ ಕೂಡ. ಇಲ್ಲಿನ ‘ರಿ’ಗೆ ‘ಮತ್ತೆ’ ಅನ್ನುವ ಅರ್ಥ ಇಲ್ಲ, ಸುಮ್ನೆ ಒತ್ತು ಕೊಡುವುದಕ್ಕೆ ಬಂದದ್ದು.

ತುಂಗಾ_ತೀರ
ಮೇಷ್ಟ್ರೇ ಒಂದು ಅನುಮಾನ. ಲ್ಯಾಟಿನಿನಲ್ಲಿ ‘ಸಿಮುಲಾರೆ’. ಅದರಲ್ಲಿ ‘ಬ’ ಇಲ್ಲ. ‘ಸೆಂಬಲ್’ನಲ್ಲಿ ‘ಬ’ ಎಲ್ಲಿಂದ ಬಂತು?

ಹಳೇ_ಮೇಷ್ಟ್ರು
ಭಲೇ. ನಿಧಾನವಾಗಿ ಬಾಯಲ್ಲೇ ಮಾಡಿ ನೋಡಿ. ‘ಸಿಮುಲಾರೆ’ಯ ನಡುವಿನ ‘ಉ’ ಮಾತಿನಲ್ಲಿ ಸವೆದು ‘ಸಿಮ್ಲಾರೆ’ ಆಯಿತು. ಈಗ ‘ಮ್ಲ’ ಅನ್ನಿ. ‘ಮ್’ ಹೇಳುವಾಗ ತುಟಿ ಮುಚ್ಚಿದೆ, ಉಸಿರು ಮೂಗಿನಲ್ಲಿ ಹೋಗುತ್ತಿದೆ. ‘ಲ್’ಗೆ ಹೋಗಬೇಕಾದರೆ ಮೂಗಿನ ದಾರಿ ಮುಚ್ಚಬೇಕು, ತುಟಿ ಬಿಡಬೇಕು. ಮೂಗು ಒಂದು ಕ್ಷಣ ಮೊದಲೇ ಮುಚ್ಚಿಕೊಂಡರೆ ತುಟಿ ಬಿಡುವಾಗ ಬರುವ ಸದ್ದೇ ‘ಬ್’. ಯಾರೂ ಬೇಕಂತ ಸೇರಿಸಿದ್ದಲ್ಲ.

ಫ್ರೆಂಚಿನಲ್ಲಿ ಇದು ಸಾಲುಸಾಲಾಗಿ ಆಗಿದೆ. ‘ಹುಮಿಲಿಸ್’ ಹೋಗಿ ‘ಹಂಬಲ್’, ‘ನುಮೆರುಸ್’ ಹೋಗಿ ‘ನಂಬರ್’, ‘ಕ್ಯಾಮೆರಾ’ ಹೋಗಿ ‘ಚೇಂಬರ್’, ‘ಟ್ರೆಮುಲಾರೆ’ ಹೋಗಿ ‘ಟ್ರೆಂಬಲ್’. ಇಂಗ್ಲಿಷ್ ತನ್ನ ಸ್ವಂತ ಪದಗಳಲ್ಲೂ ಮಾಡಿದೆ, ಟೈಲರ್ ಬೆರಳಿಗೆ ಹಾಕಿಕೊಳ್ಳುವ ‘ಥಿಂಬಲ್’ನಲ್ಲಿ ಹಿಂದೆ ‘ಬ’ ಇರಲಿಲ್ಲ. ನಮ್ಮ ಕಡೆಯೂ ಅಷ್ಟೇ: ಸಂಸ್ಕೃತದ ‘ಆಮ್ರ’ ಮರಾಠಿಯಲ್ಲಿ ‘ಆಂಬಾ’, ‘ತಾಮ್ರ’ ಹಿಂದಿಯಲ್ಲಿ ‘ತಾಂಬಾ’. ಪ್ಯಾರಿಸ್ಸಿನ ಬಾಯಿಯೂ ಪುಣೆಯ ಬಾಯಿಯೂ ಒಂದೇ ಮಾಂಸದ್ದು.

ಕಾಫಿ_ಡಬರಿ
ಆಫೀಸಿನ ಮೀಟಿಂಗಿನಲ್ಲಿ ಕೂತು ‘ಸಿಮ್ಲ ಸಿಂಬ್ಲ’ ಅಂತ ಹೇಳಿ ನೋಡುತ್ತಿದ್ದೆ. ಮೈಕ್ ಮ್ಯೂಟ್ ಇರಲಿಲ್ಲ.

ವೇದಮೂಲ
ಇಷ್ಟೆಲ್ಲಾ ಸುತ್ತಾಟ ಯಾಕೆ? ‘ಸೇಮ್’ ಅಂದರೆ ‘ಸಮ’. ಎಲ್ಲಾ ಸಂಸ್ಕೃತದಿಂದಲೇ ಹೋದದ್ದು. ಲ್ಯಾಟಿನ್, ಫ್ರೆಂಚ್ ಎಲ್ಲಾ ನಡುವಿನ ದಲ್ಲಾಳಿಗಳು. ಒಪ್ಪಿಕೊಳ್ಳುವುದಕ್ಕೆ ನಮ್ಮವರಿಗೇ ಮನಸ್ಸಿಲ್ಲ.

ತುಂಗಾ_ತೀರ
ಬಂತಪ್ಪಾ.

ಲಿಯೋನ್_ಕನ್ನಡಿಗ
ವೇದಮೂಲ ಅವರೇ, ‘ಸೇಮ್’ ಮತ್ತು ‘ಸಮ’ ನಿಜವಾಗಿ ನೆಂಟರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಂಟರು ಅಂದರೆ ಅಪ್ಪ-ಮಗ ಅಂತಲೇ ಆಗಬೇಕಿಲ್ಲ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಅಂತ ಒಬ್ಬ ಜಡ್ಜ್ ಇದನ್ನೇ ಹೇಳಿದ: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಎಷ್ಟು ಹೋಲುತ್ತವೆ ಅಂದರೆ ಒಂದೇ ಮೂಲದಿಂದ ಬಂದಿರಲೇಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ. ಸಂಸ್ಕೃತವನ್ನು ಅವನು ಹೊಗಳಿದಷ್ಟು ನೀವೂ ಹೊಗಳಿರಲಿಕ್ಕಿಲ್ಲ. ಆದರೂ ತಾಯಿ ಅನ್ನಲಿಲ್ಲ.

ವೇದಮೂಲ
ಬ್ರಿಟಿಷರು ಹೇಳಿದರೆ ಸತ್ಯ, ನಾವು ಹೇಳಿದರೆ ಕಾಗಕ್ಕ ಗುಬ್ಬಕ್ಕ ಕಥೆ.

ಹಳೇ_ಮೇಷ್ಟ್ರು
ಯಾರು ಹೇಳಿದರು ಅನ್ನುವುದು ಬಿಡಿ, ಸದ್ದು ನೋಡಿ. ಸಂಸ್ಕೃತ ‘ಸಪ್ತ’, ಲ್ಯಾಟಿನ್ ‘ಸೆಪ್ಟೆಮ್’, ಗ್ರೀಕ್ ‘ಹೆಪ್ಟ’. ಪದದ ಮೊದಲಿನ ‘ಸ’ ಗ್ರೀಕಿನಲ್ಲಿ ‘ಹ’ ಆಗುತ್ತದೆ. ಅದೇ ಲೆಕ್ಕದಲ್ಲಿ ‘ಸಮ’ಕ್ಕೆ ಗ್ರೀಕಿನಲ್ಲಿ ‘ಹೊಮೊಸ್’. ಹೀಗೆ ಕ್ರಮ ಇದೆ. ಯಾರೋ ಒಬ್ಬರು ಇನ್ನೊಬ್ಬರಿಂದ ಸಾಲ ಪಡೆದಿದ್ದರೆ ಸಾವಿರಾರು ಪದಗಳಲ್ಲಿ ಇಷ್ಟು ಶಿಸ್ತು ಇರುವುದಿಲ್ಲ. ಇನ್ನೊಂದು ವಿಷಯ, ‘ಸೇಮ್’ ಫ್ರೆಂಚಿನಿಂದ ಬಂದದ್ದೇ ಅಲ್ಲ. ಇಂಗ್ಲೆಂಡಿಗೆ ದಾಳಿ ಮಾಡಿ ನೆಲೆ ನಿಂತ ಡೇನರು, ನಾರ್ವೆಯವರು ತಂದದ್ದು.

ಗಡಿಬಿಡಿ_ಗಣಪ
ಹೊಮೊಸ್ ಅಂದ್ರೆ ಹೋಮಿಯೋಪತಿ?

ಹಳೇ_ಮೇಷ್ಟ್ರು
ಹೌದಪ್ಪಾ. ‘ಹೊಮೊಯೊಸ್’ ಅಂದರೆ ಹೋಲುವ. ರೋಗದಂಥದೇ ಲಕ್ಷಣ ಹುಟ್ಟಿಸುವ ಮದ್ದು ಅಂತ ಹಾನೆಮನ್ ಇಟ್ಟ ಹೆಸರು. ಮದ್ದು ಕೆಲಸ ಮಾಡುತ್ತದೋ ಇಲ್ಲವೋ, ಅದರ ಚರ್ಚೆ ಇಲ್ಲಿ ಬೇಡ.

ಕುಡ್ಲದ_ಮೀನು
ನನ್ನ ಹೆಂಡತಿ ಹೋಮಿಯೋಪತಿ ಡಾಕ್ಟರ್ ಮಾರಾಯ್ರೇ. ಅವಳಿಗೆ ಈ ಥ್ರೆಡ್ ತೋರಿಸುವುದಿಲ್ಲ.

ಮಲ್ಲೇಶ್ವರದ_ಅಮ್ಮ
ಮಗ ಪಕ್ಕದಲ್ಲೇ ಕೂತು ಓದುತ್ತಿದ್ದಾನೆ. ಅವನ ಹೊಸ ಪ್ರಶ್ನೆ: ‘ಸೀಮ್’, ಅಂದರೆ ತೋರುವುದು, ಅದೂ ಫ್ರೆಂಚಿನ ‘ಸಾಂಬ್ಲೆ’ಯಿಂದಲೇ ಬಂದದ್ದಾ? ಎರಡಕ್ಕೂ ಅರ್ಥ ಒಂದೇ, ಸದ್ದೂ ಹತ್ತಿರ.

ಲಿಯೋನ್_ಕನ್ನಡಿಗ
ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೋ ಏನೋ, ಪದಕೋಶ ತೆರೆಯದಿದ್ದರೆ. ಅಲ್ಲ. ‘ಸೀಮ್’ ಕೂಡ ಸ್ಕ್ಯಾಂಡಿನೇವಿಯಾದ್ದು. ಅಲ್ಲಿ ಅದಕ್ಕೆ ‘ಒಪ್ಪುವುದು, ತಕ್ಕದಾಗಿರುವುದು’ ಎನ್ನುವ ಅರ್ಥ. ‘ಸೀಮ್ಲಿ’ ಅಂದರೆ ಯೋಗ್ಯ ನಡತೆ ಅಂತ ಇದೆಯಲ್ಲ, ಹಳೇ ಅರ್ಥ ಅಲ್ಲಿ ಉಳಿದಿದೆ. ತೀರಾ ಹಿಂದಕ್ಕೆ ಹೋದರೆ ಎರಡೂ ಆ ‘ಒಂದು’ ಬೇರಿಗೇ ಮುಟ್ಟುತ್ತವೆ. ಒಂದೇ ಅಜ್ಜಿಯ ಮೊಮ್ಮಕ್ಕಳು, ಒಬ್ಬಳು ದೋಣಿಯಲ್ಲಿ ಉತ್ತರದಿಂದ ಬಂದಳು, ಇನ್ನೊಬ್ಬಳು ದಕ್ಷಿಣದಿಂದ ಬಂದಳು.

ಒಂದೇ ಭಾಷೆಯಲ್ಲಿ ಎಷ್ಟು ಪದರ ನೋಡಿ. ‘ಲೈಕ್’ ಸ್ವಂತದ್ದು. ‘ಅದೇ’ ಎನ್ನುವುದಕ್ಕೆ ಅವರಲ್ಲಿ ‘ಇಲ್ಕ್’ ಅಂತ ಸ್ವಂತ ಪದ ಇತ್ತು, ‘ಸೇಮ್’ ಬಂದು ಅದನ್ನು ಮೂಲೆಗೆ ತಳ್ಳಿತು. ಈಗ ‘ಆಫ್ ದಟ್ ಇಲ್ಕ್’ ಅಂತ ಬೈಯುವಾಗ ಮಾತ್ರ ಕೇಳಿಸುತ್ತದೆ. ಆಮೇಲೆ ಫ್ರೆಂಚಿನ ‘ಸೆಂಬ್ಲೆನ್ಸ್’, ‘ರಿಸೆಂಬಲ್’, ‘ಸಿಮಿಲಿಟ್ಯೂಡ್’. ನಾವು ದಿನಾ ಬಳಸುವ ‘ಸಿಮಿಲರ್’ ಎಲ್ಲಕ್ಕಿಂತ ತಡವಾಗಿ, 17ನೇ ಶತಮಾನದಲ್ಲಿ ಬಂತು. ಶೇಕ್ಸ್‌ಪಿಯರ್ ಕಾಲದವರು ಅದೇ ಜಾಗದಲ್ಲಿ ‘ಸೆಂಬ್ಲಬಲ್’ ಅನ್ನುತ್ತಿದ್ದರು. ಅದು ಇಂಗ್ಲಿಷಿನಲ್ಲಿ ಸತ್ತಿದೆ, ಇಲ್ಲಿ ಫ್ರಾನ್ಸಿನಲ್ಲಿ ದಿನಾ ಕೇಳುತ್ತೇನೆ.

ಕುಡ್ಲದ_ಮೀನು
‘ಲೈಕ್’ಗೆ ಹೆಣದ ಸಂಬಂಧ ಇದೆ ಅಂತ ಎಲ್ಲೋ ಓದಿದ್ದೆ. ಹೌದಾ?

ಹಳೇ_ಮೇಷ್ಟ್ರು
ದೇಹದ ಸಂಬಂಧ. ‘ಲಿಕ್’ ಅಂದರೆ ಮೈ, ಆಕಾರ. ‘ಗೆಲಿಕ್’ ಅಂದರೆ ಅದೇ ಮೈ ಉಳ್ಳದ್ದು. ಜರ್ಮನ್ನಿನ ‘ಗ್ಲೈಷ್’ ಇದರ ಜೋಡಿ. ಮೈ ಎನ್ನುವ ಪದ ಮುಂದೆ ಹೆಣಕ್ಕೂ ಆಯಿತು. ಇಂಗ್ಲೆಂಡಿನ ಹಳೇ ಚರ್ಚುಗಳ ಮುಂದೆ ಸೂರು ಇರುವ ‘ಲಿಚ್ ಗೇಟ್’ ಇರುತ್ತದೆ, ಹೆಣ ತಂದವರು ಪಾದ್ರಿಗಾಗಿ ಕಾಯುತ್ತಿದ್ದ ಜಾಗ. ‘ಫ್ರೆಂಡ್ಲಿ’ಯ ಕೊನೆಯ ‘ಲಿ’ಯೂ ಇದೇ ಮೈ. ಫೇಸ್‌ಬುಕ್ಕಿನಲ್ಲಿ ಲೈಕ್ ಒತ್ತುವಾಗ ಯೋಚಿಸಬೇಡಿ.

ಕನ್ನಡ_ಮೊದಲು
ಎಲ್ಲರೂ ಚಂದದ ಕಥೆ ಹೇಳುತ್ತಿದ್ದೀರಿ. ನಡೆದದ್ದು ಹೇರಿಕೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ, ರಾಜನ ಭಾಷೆ ಫ್ರೆಂಚ್ ಆಯಿತು, ಜನರ ಬಾಯಿಗೆ ತುರುಕಿದರು. ನಮ್ಮ ಮೇಲೆ ಈಗ ಆಗುತ್ತಿರುವುದೂ ಅದೇ. ಬ್ಯಾಂಕಿಗೆ ಹೋಗಿ ನೋಡಿ.

ಲಿಯೋನ್_ಕನ್ನಡಿಗ
ಬ್ಯಾಂಕಿನ ವಿಷಯಕ್ಕೆ ನನ್ನ ಪೂರ್ತಿ ಬೆಂಬಲ. ಆದರೆ ತಾರೀಖು ಹೊಂದುವುದಿಲ್ಲ. 1066 ಆದ ಕೂಡಲೇ ಇಂಗ್ಲಿಷಿಗೆ ನುಗ್ಗಿದ ಫ್ರೆಂಚ್ ಪದಗಳು ಕಡಿಮೆ. ದೊರೆಗಳು ಫ್ರೆಂಚಿನಲ್ಲಿ ಮಾತಾಡಿಕೊಂಡರು, ರೈತರು ಇಂಗ್ಲಿಷಿನಲ್ಲಿ. ಇಬ್ಬರಿಗೂ ಇನ್ನೊಬ್ಬರ ಗೊಡವೆ ಇರಲಿಲ್ಲ. 1204ರಲ್ಲಿ ನಾರ್ಮಂಡಿ ಇಂಗ್ಲೆಂಡಿನ ದೊರೆಯ ಕೈಬಿಟ್ಟುಹೋಯಿತು. ಶ್ರೀಮಂತರು ಇಂಗ್ಲೆಂಡಿನಲ್ಲೇ ಉಳಿದು ಇಂಗ್ಲಿಷ್ ಕಲಿತರು. ಕಲಿಯುವಾಗ ಪದ ಸಿಗದ ಕಡೆ ತಮ್ಮ ಫ್ರೆಂಚ್ ಪದ ಹಾಕಿದರು. ಹಾಗಾಗಿ 1250ರ ನಂತರ ಪ್ರವಾಹ. ‘ರಿಸೆಂಬಲ್’ ಬಂದದ್ದೂ ಆ ನೀರಿನಲ್ಲೇ. ಆಳುವ ಭಾಷೆ ಬಲವಾಗಿದ್ದಾಗ ಅಲ್ಲ, ಸೋಲುತ್ತಿದ್ದಾಗ ಅದರ ಪದ ಜಾಸ್ತಿ ಬಂದವು. ನಿಮ್ಮ ಹೋಲಿಕೆ ಕುಂಟುವುದು ಇಲ್ಲಿ.

ಕನ್ನಡ_ಮೊದಲು
ಇನ್ನೂರು ವರ್ಷ ತುಳಿದದ್ದು ಲೆಕ್ಕಕ್ಕಿಲ್ಲವಾ? ಆ ಇನ್ನೂರು ವರ್ಷ ಇಂಗ್ಲಿಷಿನಲ್ಲಿ ರಾಜಾಜ್ಞೆ ಇಲ್ಲ, ಕೋರ್ಟಿಲ್ಲ, ದೊಡ್ಡವರ ಪತ್ರ ಇಲ್ಲ. ಅದಕ್ಕೇ ಪದ ಸಿಗದೆ ಹೋದದ್ದು. ಕಾಲು ಮುರಿದು ಆಮೇಲೆ ಕೋಲು ಕೊಟ್ಟ ಹಾಗೆ.

ತುಂಗಾ_ತೀರ
ಇದು ಒಳ್ಳೇ ಮಾತು. ಲಿಯೋನ್ ಅವರು ಉತ್ತರ ಕೊಡಬೇಕು.

ಲಿಯೋನ್_ಕನ್ನಡಿಗ
ಕೋರ್ಟು ಕಚೇರಿ ಪದಗಳಿಗೆ ಒಪ್ಪುತ್ತೇನೆ. ಆದರೆ ‘ಹೋಲು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಪದಕ್ಕೆ ಬರ ಇರಲಿಲ್ಲವಲ್ಲ! ‘ಲೈಕ್’ ಇತ್ತು, ‘ಲೈಕ್‌ನೆಸ್’ ಇತ್ತು. ಇದ್ದರೂ ತಂದರು. ಅದು ಶೋಕಿ.

ಕರಿಕೋಟು
ವಕೀಲ. ತಡವಾಗಿ ಬಂದೆ, ಕೋರ್ಟಿನ ಹೆಸರು ಬಂತಲ್ಲ ಅಂತ. ಈ ‘ಸೆಂಬಲ್’ ನಮ್ಮ ಕಸುಬಿನಲ್ಲಿ ಇನ್ನೂ ಬದುಕಿದೆ, ಬಾಲ ತಲೆ ಏನೂ ಇಲ್ಲದೆ. ಹಳೇ ಲಾ ರಿಪೋರ್ಟ್ ತೆಗೆದರೆ ಹೆಡ್‌ನೋಟಿನಲ್ಲಿ, ಅಂದರೆ ತೀರ್ಪಿನ ಮೇಲೆ ಹಾಕುವ ಸಾರಾಂಶದಲ್ಲಿ, ಓರೆ ಅಕ್ಷರದಲ್ಲಿ ‘ಸೆಂಬ್ಲ್’ ಅಂತ ಇರುತ್ತದೆ. ‘ಹೀಗೆ ತೋರುತ್ತದೆ’ ಅಂತ ಅರ್ಥ. ಜಡ್ಜ್ ನೇರವಾಗಿ ತೀರ್ಮಾನಿಸಿಲ್ಲ, ಆದರೆ ಅವರ ಒಲವು ಈ ಕಡೆ ಇದೆ ಅನ್ನುವುದಕ್ಕೆ ಗುರುತು. ನಾನು ಜೂನಿಯರ್ ಆಗಿದ್ದಾಗ ಅದನ್ನು ಯಾವುದೋ ಕಕ್ಷಿದಾರನ ಹೆಸರು ಅಂದುಕೊಂಡ ಗೆಳೆಯ ಒಬ್ಬನಿದ್ದ. ಈಗ ದೊಡ್ಡ ಲಾಯರು, ಅದಕ್ಕೇ ಹೆಸರು ಬೇಡ.

1362ರಲ್ಲಿ ಇಂಗ್ಲೆಂಡಿನಲ್ಲಿ ಕಾಯಿದೆ ಬಂತು, ಫ್ರೆಂಚ್ ಜನರಿಗೆ ಅರ್ಥವಾಗುವುದಿಲ್ಲ, ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂತ. ಆ ಕಾಯಿದೆಯನ್ನು ಬರೆದದ್ದು ಯಾವ ಭಾಷೆಯಲ್ಲಿ? ಫ್ರೆಂಚಿನಲ್ಲಿ! ವಕೀಲರು ಬಿಡಲಿಲ್ಲ. ತಮ್ಮ ಟಿಪ್ಪಣಿ, ವರದಿ ಎಲ್ಲಾ ಮುರುಕು ಫ್ರೆಂಚಿನಲ್ಲೇ ಬರೆದುಕೊಂಡು ಹೋದರು. ಕೊನೆಗೆ 1731ರಲ್ಲಿ ಇನ್ನೊಂದು ಕಾಯಿದೆ ಮಾಡಿ ಬಾಗಿಲು ಹಾಕಬೇಕಾಯಿತು. ನಮ್ಮ ಹೈಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಬಿಟ್ಟು ಉಳಿದವರಿಗೆ ‘ಪ್ಯೂನಿ ಜಡ್ಜ್’ ಅನ್ನುತ್ತಾರೆ, ಅದೂ ಫ್ರೆಂಚ್, ‘ಆಮೇಲೆ ಹುಟ್ಟಿದವರು’ ಅಂತ. ‘ಕುಳ್ಳ, ಪೀಚಲು’ ಅನ್ನುವ ಅರ್ಥದ ‘ಪ್ಯೂನಿ’ ಇದೇ ಪದ, ಸ್ಪೆಲ್ಲಿಂಗ್ ಬೇರೆ. ದಯವಿಟ್ಟು ಕೋರ್ಟ್ ಹಾಲಿನಲ್ಲಿ ಇದನ್ನು ನೆನಪಿಸಿಕೊಂಡು ನಗಬೇಡಿ.

ಧಾರವಾಡ_ಫೇಡೆ
ಅರ್ಥ ಆಗಲಾರದ ಭಾಷಾದಾಗ ಬರೆಯೋದು ವಕೀಲರ ಹಳೇ ಚಟ ಅಂತ ಸಾಬೀತು ಆತು.

ಬಣ್ಣದ_ಡಬ್ಬಿ
ನಾನು ಚಿತ್ರ ಬರೆಯುವವಳು. ಹೋಲಿಕೆ ಅಂದರೆ ನಮಗೆ ‘ಪೋರ್ಟ್ರೇಟ್’. ಅದೂ ಫ್ರೆಂಚಿನದೇ, ಮೂಲದಲ್ಲಿ ‘ಹೊರಗೆ ಎಳೆದದ್ದು’ ಅಂತ. ಇಂಗ್ಲಿಷಿನ ‘ಡ್ರಾ’ಕ್ಕೂ ಎಳೆಯುವುದು ಎಂದೇ ಅರ್ಥ, ನಾವೂ ಗೆರೆ ಎಳೆಯುತ್ತೇವೆ. ನನಗೆ ಇದಕ್ಕಿಂತ ಮಜಾ ಅನ್ನಿಸುವುದು ‘ಕೌಂಟರ್‌ಫೀಟ್’. ಈಗ ಅಂದರೆ ಖೋಟಾ ನೋಟು. ಆದರೆ ಒಂದು ಕಾಲದಲ್ಲಿ ಬಿಡಿಸಿದ ಭಾವಚಿತ್ರಕ್ಕೂ ಅದೇ ಪದ. ಶೇಕ್ಸ್‌ಪಿಯರನ ವೆನಿಸ್ಸಿನ ವ್ಯಾಪಾರಿಯಲ್ಲಿ ಬಸ್ಸಾನಿಯೊ ಸೀಸದ ಪೆಟ್ಟಿಗೆ ತೆರೆದಾಗ ಪೋರ್ಷಿಯಾಳ ಚಿತ್ರ ಸಿಗುತ್ತದಲ್ಲ, ಅದನ್ನು ಅವನು ಕರೆಯುವುದು ‘ಕೌಂಟರ್‌ಫೀಟ್’ ಅಂತ, ಮೆಚ್ಚಿಕೊಂಡೇ. ಕಾಲೇಜಿನಲ್ಲಿ ಓದುವಾಗ ಇವನಿಗೇನು ಅನುಮಾನ ಅಂತ ತಲೆ ಕೆರೆದುಕೊಂಡಿದ್ದೆವು.

ಕುಡ್ಲದ_ಮೀನು
ನಮ್ಮಲ್ಲೂ ಹಾಗೇ ಅಲ್ವಾ. ತಾಲ್ಲೂಕು ಕಚೇರಿಯಲ್ಲಿ ಪಹಣಿ ‘ನಕಲು’ ಕೇಳಿದರೆ ಸೀಲು ಹಾಕಿ ಕೊಡುತ್ತಾರೆ. ‘ನಕಲಿ’ ಪಹಣಿ ಅಂದರೆ ಪೊಲೀಸು.

ಕರಿಕೋಟು
ಒಂದು ಸ್ವರದ ವ್ಯತ್ಯಾಸದಲ್ಲಿ ನನ್ನ ಅರ್ಧ ಸಂಪಾದನೆ ಇದೆ.

ಬೌಲ್ಡ್_ಔಟ್
ಹೋಲಿಕೆ ಅಂದಮೇಲೆ ಕ್ರಿಕೆಟ್ ಬರದೆ ಇರುತ್ತದಾ. ಫ್ರೆಂಚಿನ ‘ಪೇರ್’ (ಮೇಲೆ ಬಂದ ಅಪ್ಪ ಅಲ್ಲ, ಬೇರೆ ಪದ) ಅಂದರೆ ಸಮ, ಜೋಡಿ. ‘ಪೇರ್’, ‘ಪಿಯರ್’, ‘ಕಂಪೇರ್’ ಎಲ್ಲಾ ಆ ಲ್ಯಾಟಿನ್ ‘ಪಾರ್’ ಮೂಲದವು. ಜೋಡಿ ಇಲ್ಲದವನು ‘ನೋನ್‌ಪೇರ್’. ಇಬ್ಬರ ಜಗಳಕ್ಕೆ ಮೂರನೆಯವನು, ಯಾರ ಕಡೆಗೂ ಸೇರದವನು. ಅದು ಇಂಗ್ಲಿಷಿಗೆ ‘ನಂಪೈರ್’ ಆಗಿ ಬಂತು. ‘ಎ ನಂಪೈರ್’ ಅಂತ ಜೋರಾಗಿ ಹೇಳಿ ಹೇಳಿ ‘ಎನ್ ಅಂಪೈರ್’ ಆಯಿತು. ‘ನ’ ಹಿಂದಿನ ಪದಕ್ಕೆ ಅಂಟಿಕೊಂಡು ಹೋಯಿತು!

ಗಡಿಬಿಡಿ_ಗಣಪ
ಮೈದಾನದಲ್ಲಿ ಇಬ್ಬರು ಅಂಪೈರ್ ಇರುತ್ತಾರೆ. ಅಂದರೆ ಜೋಡಿ ಇಲ್ಲದವರದೇ ಜೋಡಿ.

ಬೌಲ್ಡ್_ಔಟ್
ಅದಕ್ಕೇ ಥರ್ಡ್ ಅಂಪೈರ್ ಬೇಕಾಯ್ತು ಗುರೂ. ‘ಮೂರನೇ ಮೂರನೆಯವನು’.

ತುಂಗಾ_ತೀರ
‘ಏಪ್ರನ್’ ಕೂಡ ಹೀಗೇ ‘ನ’ ಕಳೆದುಕೊಂಡದ್ದು, ಅದು ‘ನ್ಯಾಪ್ರನ್’ ಆಗಿತ್ತು. ‘ನಿಕ್‌ನೇಮ್’ ಉಲ್ಟಾ, ‘ಎನ್ ಈಕ್ ನೇಮ್’ ಇದ್ದದ್ದು ‘ನ’ ಕದ್ದುಕೊಂಡಿತು.

ವೇದಮೂಲ
‘ನೇಮ್’ ಅಂದರೆ ‘ನಾಮ’. ನಾನು ಏನೂ ಹೇಳುವುದಿಲ್ಲ.

ಹಳೇ_ಮೇಷ್ಟ್ರು
ಹೇಳಿಬಿಟ್ಟಿರಲ್ಲ :) ಅದೂ ನೆಂಟಸ್ತನವೇ, ಸರಿ.

ನಿರ್ವಾಹಕ
‘ನ’ ಕಳ್ಳತನದ ಪದಗಳಿಗೆ ಬೇರೆ ಥ್ರೆಡ್ ತೆರೆಯಿರಿ. ಬ್ಯಾಂಕು, ಹಿಂದಿ, ಪಹಣಿ ವಿಷಯಕ್ಕೆ ಈಗಾಗಲೇ ಬೇರೆ ಥ್ರೆಡ್‌ಗಳಿವೆ. ಅಂಪೈರ್ ತೀರ್ಪಿನ ಜಗಳ ಕ್ರೀಡಾ ವಿಭಾಗದಲ್ಲಿ.